ನಮ್ಮ ಹುಡುಗಿಯರೂ ತಾಂತ್ರಿಕ ವಿದ್ಯೆಯೂ

ಪ್ರತಿ ವರ್ಷ ಹತ್ತನೆಯ ತರಗತಿಯ ಪರೀಕ್ಷಾಫಲವು ಪ್ರಕಟವಾದೊಡನೆ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆಯು ಒಂದೇ: ಮಗಳನ್ನು ಮುಂದೆ ಯಾವ ವಿದ್ಯೆಗೆ ಕಳುಹಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಎರಡು ಮಾತುಗಳು ಪದೇ ಪದೇ ನಮ್ಮ ಕಿವಿಗೆ ಬೀಳುವವು. ಯಂತ್ರ, ವಿದ್ಯುತ್ತು, ಕಟ್ಟಡ, ಸೇತುವೆ, ಗಣಕಯಂತ್ರ ಇವೇ ಮೊದಲಾದ ತಾಂತ್ರಿಕ ವಿಷಯಗಳು ಹುಡುಗಿಯರ ಸ್ವಭಾವಕ್ಕೆ ಒಗ್ಗುವವಲ್ಲ ಎಂಬುದು ಒಂದು. ಅವಳಿಗೇ ಅದರಲ್ಲಿ ಮನಸ್ಸಿಲ್ಲ, ನಾವೇನು ಮಾಡೋಣ ಎಂಬುದು ಇನ್ನೊಂದು. ಮೊದಲನೆಯ ಮಾತು ಸುಳ್ಳೆಂದು ತೋರಿಸುವುದು ಸುಲಭ. ಎರಡನೆಯದು ಅರ್ಧ ಸತ್ಯವಾದುದರಿಂದ ಅದನ್ನು ಬಿಡಿಸಿ ನೋಡುವುದು ಅವಶ್ಯ. ಆದುದರಿಂದ ವಿದ್ಯಾರ್ಥಿಗಳು, ವಿಶೇಷವಾಗಿ ನಮ್ಮ ವಿದ್ಯಾರ್ಥಿನಿಯರು, ವಿಶ್ವವಿದ್ಯಾನಿಲಯದಲ್ಲಿ ತಾಂತ್ರಿಕ ವಿಷಯಗಳನ್ನು ಯಾಕೆ ಆರಿಸಿಕೊಳ್ಳುವರು, ಯಾಕೆ ಬಿಟ್ಟುಬಿಡುವರು ಎಂಬುದನ್ನು ಈ ಸ್ಮರಣಸಂಚಿಕೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡಬಯಸುವೆವು.

ಮೊದಲು ತಾಂತ್ರಿಕ ವಿದ್ಯೆ ಎಂದರೇನೆಂದು ತಿಳಿಯೋಣ. ಸೃಷ್ಟಿಯ ನಿಯಮಗಳನ್ನು ಅರಿಯುವುದು ವಿಜ್ಞಾನವು. ಆ ನಿಯಮಗಳನ್ನು ಮನುಷ್ಯನ ಉಪಯೋಗಕ್ಕೆ ತಿರುಗಿಸುವುದು ತಾಂತ್ರಿಕ ವಿದ್ಯೆಯು. ಇದು ನಮಗೆ ಹೊರಗಿನಿಂದ ಬಂದ ಹೊಸ ಸಂಗತಿಯೆಂದು ಭಾವಿಸುವವರು ಕುಮಟಾ ತಾಲೂಕಿನ ಕಾಗಾಲದ ಕಡೆಗೆ ಹೋಗಿ ಗಜನಿ ಭೂಮಿಯನ್ನು ನೋಡಲಿ. ಅಘನಾಶಿನಿಯ ಅಳಿವೆಯಲ್ಲಿ ಸಮುದ್ರದ ನೀರು ದಿನಕ್ಕೆ ಎರಡಾವರ್ತಿ ಏರಿ ಇಳಿಯುತ್ತದೆ. ಆ ಉಪ್ಪು ನೀರನ್ನು ಒಡ್ಡು ಹಾಕಿ ತಡೆದು, ಒಡ್ಡಿನಲ್ಲಿ ತೂಬಿನ ಬಾಗಿಲಿಟ್ಟು, ಇಳಿತದ ವೇಳೆಯಲ್ಲಿ ಒಳಗಿನ ನೀರನ್ನು ಹೊರಗೆ ಬಿಟ್ಟು, ಮಳೆಗಾಲದ ಸಿಹಿನೀರಿನಿಂದ ನೆಲದ ಉಪ್ಪನ್ನು ತೊಳೆಯಿಸಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ನಮ್ಮ ಹಿರಿಯರು ಬೆಳೆದರು. ಕೊಯ್ಲಾದ ಮೇಲೆ ಅದೇ ಭೂಮಿಗೆ ಉಪ್ಪು ನೀರನ್ನು ಬಿಟ್ಟು ಸಿಗಡಿ ಮೀನುಗಳನ್ನು ಹಿಡಿದರು. ನೀರಿನ ಒತ್ತಡ, ಮಣ್ಣಿನ ಗುಣ, ಬಾಗಿಲಿನ ತೂಕ, ಹುಣ್ಣಿವೆ ಅಮಾವಾಸ್ಯೆಗಳ ದೊಡ್ಡ ಉಬ್ಬರ ಇವೆಲ್ಲವುಗಳ ಲೆಕ್ಕ ತಪ್ಪಿದರೆ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆಯು ಹಾಳಾಗುವುದು. ಇದು ತಾಂತ್ರಿಕ ವಿದ್ಯೆಯಲ್ಲದೆ ಮತ್ತೇನು? ಇಳಿತದ ಗಳಿಗೆಯನ್ನು ಗಡಿಯಾರವಿಲ್ಲದೆ ಅರಿತು ಬಳಚು ಆರಿಸಲು ನೀರಿಗಿಳಿಯುವ ಹೆಂಗಸು ಈ ಲೆಕ್ಕವನ್ನು ದಿನಾಲು ಮಾಡುವಳು. ಆದರೆ ಅವಳ ಅರಿವನ್ನು ಯಾರೂ ವಿದ್ಯೆಯೆಂದು ಕರೆಯಲಿಲ್ಲವಾದುದರಿಂದ, ತಾಂತ್ರಿಕ ವಿದ್ಯೆ ತನಗೆ ಸಲ್ಲುವುದೆಂದು ಅವಳ ಮಗಳಿಗೂ ತೋರಲಿಲ್ಲ.

ಬುದ್ಧಿಯ ಕೊರತೆಯೇ ಕಾರಣವೆಂಬ ಮಾತನ್ನು ಅಂಕಿಗಳು ನಿಲ್ಲಗೊಡುವುದಿಲ್ಲ. ಭಾರತ ಸರಕಾರದ ಉಚ್ಚಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದ 57.2 ಲಕ್ಷ ವಿದ್ಯಾರ್ಥಿಗಳಲ್ಲಿ 29.8 ಲಕ್ಷ ಮಂದಿ ಸ್ತ್ರೀಯರು. ಅಂದರೆ ಅರ್ಧಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯು 2020-21ರಲ್ಲಿ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನದಲ್ಲಿ 36.86 ಲಕ್ಷ ವಿದ್ಯಾರ್ಥಿಗಳನ್ನು ಎಣಿಸಿತು. ಅವರಲ್ಲಿ ಸ್ತ್ರೀಯರು ನೂರಕ್ಕೆ 29 ಮಾತ್ರ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಕಲಿಯಬಲ್ಲ ಹುಡುಗಿಯು ಅವುಗಳ ಪ್ರಯೋಗವಾದ ತಾಂತ್ರಿಕ ವಿದ್ಯೆಯನ್ನು ಕಲಿಯಲಾರಳೆಂದು ಹೇಳುವುದು ಯುಕ್ತವಲ್ಲ. ಅವಳು ಬಾಗಿಲ ವರೆಗೆ ಬಂದು ಅಲ್ಲಿಂದ ತಿರುಗಿ ಹೋಗುತ್ತಾಳೆ. ಹಾಗಾದರೆ ಬಾಗಿಲಲ್ಲಿ ಏನಿದೆ ಎಂಬುದನ್ನು ನಾವು ವಿಚಾರಿಸಬೇಕು.

ಮೊದಲನೆಯದಾಗಿ, ಆಯ್ಕೆಯ ಕಾಲವು ನಾವು ಎಣಿಸುವುದಕ್ಕಿಂತ ಮುಂಚೆಯೇ ಬರುತ್ತದೆ. ವಿಶ್ವವಿದ್ಯಾನಿಲಯಕ್ಕೆ ಸೇರುವಾಗ ಹದಿನೆಂಟು ವರ್ಷದ ವಿದ್ಯಾರ್ಥಿನಿಯು ವಿಚಾರಮಾಡಿ ವಿಷಯವನ್ನು ಆರಿಸುವಳೆಂದು ಲೋಕವು ತಿಳಿದಿದೆ. ನಿಜವಾಗಿ ಹದಿನೈದು ಹದಿನಾರನೆಯ ವಯಸ್ಸಿನಲ್ಲಿ, ಪದವಿಪೂರ್ವ ತರಗತಿಗೆ ಅರ್ಜಿ ತುಂಬುವ ದಿನವೇ ಈ ಆಯ್ಕೆಯ ಬಹುಭಾಗವು ಮುಗಿದುಹೋಗಿರುತ್ತದೆ. ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗಿಗೆ ಹೋಗಬೇಕಾದರೆ ಭೌತಶಾಸ್ತ್ರವೂ ಗಣಿತವೂ ಬೇಕೇ ಬೇಕು. ಆ ದಿನ ಗಣಿತವನ್ನು ಬಿಟ್ಟವಳು, ತನಗೆ ತಿಳಿಯದೆಯೇ, ಮುಂದಿನ ಹಲವು ಬಾಗಿಲುಗಳನ್ನು ಮುಚ್ಚಿಕೊಂಡಳು. ಎರಡು ವರ್ಷಗಳ ಮೇಲೆ ಅವಳಿಗೆ ಮನಸ್ಸಾದರೂ ದಾರಿಯಿರುವುದಿಲ್ಲ. ಆಗ ನಾವು ಅದನ್ನು ಅವಳ ಇಚ್ಛೆಯೆಂದು ಹೇಳಿ ಸಮಾಧಾನಪಡುವೆವು.

ಎರಡನೆಯದಾಗಿ, ಮನುಷ್ಯರು ಕಂಡದ್ದನ್ನು ಆರಿಸಿಕೊಳ್ಳುವರೇ ಹೊರತು ಕಾಣದ್ದನ್ನಲ್ಲ. ನಮ್ಮ ಕರಾವಳಿಯ ಹುಡುಗಿಯು ಉಪಾಧ್ಯಾಯಿನಿಯನ್ನು ಪ್ರತಿದಿನ ನೋಡುತ್ತಾಳೆ, ಆಸ್ಪತ್ರೆಯ ದಾದಿಯನ್ನು ನೋಡುತ್ತಾಳೆ, ಬ್ಯಾಂಕಿನಲ್ಲಿ ಕುಳಿತ ಸ್ತ್ರೀಯನ್ನು ನೋಡುತ್ತಾಳೆ. ಅವರ ದಿನಚರಿ ಹೇಗೆ, ಸಂಜೆ ಎಷ್ಟು ಹೊತ್ತಿಗೆ ಮನೆಗೆ ಬರುವರು, ಮಕ್ಕಳನ್ನು ಯಾರು ನೋಡಿಕೊಳ್ಳುವರು ಎಂಬುದೆಲ್ಲ ಅವಳಿಗೆ ತಿಳಿದಿದೆ. ಸೇತುವೆಯ ನಕ್ಷೆಯನ್ನು ಬರೆಯುವ ಸ್ತ್ರೀಯನ್ನೋ ವಿದ್ಯುದಾಗಾರದ ಮೇಲ್ವಿಚಾರಣೆ ಮಾಡುವ ಸ್ತ್ರೀಯನ್ನೋ ಅವಳು ಕಂಡಿರುವುದು ಅಪರೂಪ. ದಾದಿಯ ಕೆಲಸದಲ್ಲಿಯೂ ಇಂದು ಎಷ್ಟೋ ಯಂತ್ರಗಳಿವೆ. ರಾತ್ರಿಯ ಪಾಳಿಯೂ ಇದೆ. ಊರು ಬಿಟ್ಟು ದೂರ ಹೋಗುವುದೂ ಇದೆ. ಆದರೂ ಪಾಲಕರು ಅದಕ್ಕೆ ಅಂಜುವುದಿಲ್ಲ. ಯಾಕಂದರೆ ಆ ದಾರಿಯಲ್ಲಿ ನಡೆದು ಕ್ಷೇಮವಾಗಿ ಬಾಳಿದವರನ್ನು ಅವರು ಬಲ್ಲರು.

ಮೂರನೆಯದು ಗಣಿತದ ಮತ್ತು ಭಾಷೆಯ ಭಯವು. ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಚೆನ್ನಾಗಿ ಕಲಿತ ಹುಡುಗಿಯು ಪದವಿಪೂರ್ವ ವಿಜ್ಞಾನಕ್ಕೆ ಸೇರಿದೊಡನೆ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುವುದು. ವೇಗೋತ್ಕರ್ಷವೆಂದರೆ ಏನೆಂದು ಬಲ್ಲವಳೇ, ಅದರ ಇಂಗ್ಲಿಷ್ ಹೆಸರನ್ನು ಕೇಳಿ ತನಗೆ ಏನೂ ಬಾರದೆಂದು ನಂಬಿಬಿಡುವಳು. ತಿಳಿವು ಅವಳಲ್ಲಿದೆ, ಶಬ್ದವು ಮಾತ್ರ ಇಲ್ಲ. ಆದರೆ ಮೊದಲ ಕಿರುಪರೀಕ್ಷೆಯ ಅಂಕಗಳು ಇವೆರಡನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಇದನ್ನು ಕೇಳಿ ಕೆಳಗಿನ ತರಗತಿಯ ಹುಡುಗಿಯರು ಮೊದಲೇ ಹಿಂಜರಿಯುವರು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿಯನ್ನಿತ್ತಿತು. ಇದು ಸ್ವಾಗತಾರ್ಹವೇ ಸರಿ. ಆದರೂ ಪದವಿಪೂರ್ವದ ಎರಡು ವರ್ಷಗಳ ಕಾಲುವೆಯನ್ನು ದಾಟಿಸುವ ಕೆಲಸವು ಪ್ರೌಢಶಾಲೆಯಲ್ಲಿಯೇ ಆಗಬೇಕು.

ನಾಲ್ಕನೆಯದು ದೂರವೂ ಖರ್ಚೂ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿತು. ಆ ಬಳಿಕ ಬಹುಕಾಲದ ವರೆಗೆ ನಮ್ಮವರಿಗೆ ಮುಂಬಯಿ ವಿಶ್ವವಿದ್ಯಾನಿಲಯವೇ ವಿಶ್ವವಿದ್ಯಾನಿಲಯವು, ಎಂಜಿನಿಯರಿಂಗಿಗೆ 1854ರಲ್ಲಿ ಆರಂಭವಾದ ಪುಣೆಯ ಕಾಲೇಜೇ ಗತಿಯು. ಹುಬ್ಬಳ್ಳಿಯಲ್ಲಿ 1947ರಲ್ಲಿಯೂ ಸುರತ್ಕಲ್ಲಿನಲ್ಲಿ 1960ರಲ್ಲಿಯೂ ಕಾಲೇಜುಗಳಾದವು. ನಮ್ಮ ಕರಾವಳಿಯಲ್ಲಿಯೇ ಭಟ್ಕಳದ ಅಂಜುಮನ್ ಸಂಸ್ಥೆಯವರು 1980ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. ಇಂದು ಕಾರವಾರ, ಹಳಿಯಾಳಗಳಲ್ಲಿಯೂ ಅಂಥ ಕಾಲೇಜುಗಳಿವೆ. ಆದರೂ ಕಾಗಾಲದ ಮನೆಯಿಂದ ಭಟ್ಕಳಕ್ಕೆ ಸುಮಾರು ಅರುವತ್ತು ಕಿಲೋಮೀಟರು. ದಿನಾಲು ಹೋಗಿ ಬರುವುದು ಸುಲಭವಲ್ಲ, ವಸತಿಗೃಹದಲ್ಲಿ ಇರಿಸಿದರೆ ವೆಚ್ಚವು ಹೆಚ್ಚು. ಮಗನಿಗಾಗಿ ಈ ಖರ್ಚನ್ನು ಸಾಲ ಮಾಡಿಯಾದರೂ ಹೊರುವ ಮನೆಯು ಮಗಳ ವಿಷಯದಲ್ಲಿ ಎರಡು ಸಲ ಎಣಿಸುವುದು. ಹತ್ತಿರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಅಥವಾ ಬಿ.ಕಾಂ. ಇರುವಾಗ ಇದೆಲ್ಲ ಯಾಕೆ ಎಂಬ ಮಾತು ಹೊರಡುವುದು. ಅಪ್ಪನ ಮುಖವನ್ನು ನೋಡಿದ ಮಗಳು, ತನಗೆ ಅದರಲ್ಲಿ ಮನಸ್ಸಿಲ್ಲವೆಂದು ತಾನಾಗಿಯೇ ಹೇಳಿಬಿಡುವಳು. ಮೇಲೆ ನಾವು ಅರ್ಧ ಸತ್ಯವೆಂದದ್ದು ಈ ಮಾತನ್ನೇ. ಮನೆಯ ಸಂಕಟವನ್ನು ಅರಿತ ಮಗಳು ತನ್ನ ಆಸೆಗೆ ಇಚ್ಛೆಯಿಲ್ಲವೆಂಬ ಹೆಸರನ್ನಿಟ್ಟು ಮುಚ್ಚಿಡುವಳು.

ಈ ಕಾರಣಗಳು ಕಲ್ಲಿನಲ್ಲಿ ಕೊರೆದವುಗಳಲ್ಲವೆಂಬುದಕ್ಕೆ ಚರಿತ್ರೆಯು ಸಾಕ್ಷಿಯಾಗಿದೆ. ಹದಿನೆಂಟನೆಯ ವಯಸ್ಸಿನಲ್ಲಿ ವಿಧವೆಯಾಗಿ, ನಾಲ್ಕು ತಿಂಗಳ ಕೂಸನ್ನು ಕೈಯಲ್ಲಿ ಹಿಡಿದಿದ್ದ ಅಯ್ಯಲಸೋಮಯಾಜುಲ ಲಲಿತಾ ಎಂಬವರು 1940ರಲ್ಲಿ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದರು. ಅವರ ತಂದೆ ಅದೇ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಅಧ್ಯಾಪಕರಾಗಿದ್ದು ಮೇಲಧಿಕಾರಿಗಳಿಂದ ಅನುಮತಿಯನ್ನು ಪಡೆದರು. ಲಲಿತಾ ಅವರ ಬೆನ್ನಿಗೆ ಲೀಲಮ್ಮ ಜಾರ್ಜ್, ಪಿ. ಕೆ. ತ್ರೇಸ್ಯಾ ಎಂಬ ಇಬ್ಬರು ಸೇರಿದರು. ಒಬ್ಬಳು ಹೊಕ್ಕ ಬಾಗಿಲನ್ನು ಇನ್ನಿಬ್ಬರು ಹೊಕ್ಕದ್ದನ್ನು ಗಮನಿಸತಕ್ಕದ್ದು. ಇವರಿಗೆ ಪದವಿ ಕೊಡುವಾಗ ಪ್ರಮಾಣಪತ್ರದಲ್ಲಿ ಅಚ್ಚಾಗಿದ್ದ ಪುಲ್ಲಿಂಗದ ಸರ್ವನಾಮವನ್ನು ಹೊಡೆದು ಸ್ತ್ರೀಲಿಂಗವನ್ನು ಕೈಯಿಂದ ಬರೆಯಬೇಕಾಯಿತಂತೆ. ಲಲಿತಾ ಅವರು ಮುಂದೆ ಭಾಕ್ರಾ ನಂಗಲ್ ಯೋಜನೆಗೆ ಸಂಬಂಧಪಟ್ಟ ವಿದ್ಯುತ್ ಕೆಲಸಗಳಲ್ಲಿ ದುಡಿದರು. ತ್ರೇಸ್ಯಾ ಅವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರರಾದರು.

ನಮ್ಮ ಕನ್ನಡನಾಡಿನ ಮೊದಲನೆಯ ಸ್ತ್ರೀ ಎಂಜಿನಿಯರೆಂದು ಪ್ರಸಿದ್ಧರಾದ ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಹುಟ್ಟಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲಿನ ಸ್ತ್ರೀ ಪದವೀಧರೆಯರಲ್ಲಿ ಒಬ್ಬರು. ಹೆಂಗಸರ ವಿದ್ಯೆಗಾಗಿ ದುಡಿದವರು. ಮೊಮ್ಮಗಳು ಕಲಿತದ್ದು ಆ ಅಜ್ಜಿಯು ಆರಂಭಿಸಿದ ಶಾಲೆಯಲ್ಲಿ. ಬಳಿಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, 1947ರಲ್ಲಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1953ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದು, ಅದೇ ಸಂಸ್ಥೆಯಲ್ಲಿ ಸೂಕ್ಷ್ಮತರಂಗಗಳನ್ನೂ ಆಂಟೆನಾಗಳನ್ನೂ ಕುರಿತು ಬೋಧಿಸಿದರು, ಸಂಶೋಧಿಸಿದರು, ತಮ್ಮ ವಿಭಾಗದ ಮುಖ್ಯಸ್ಥರೂ ಆದರು. ಇನ್ನು ನಮಗೆ ಸಮೀಪದ ಹುಬ್ಬಳ್ಳಿಯಲ್ಲಿ 1968ರಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ಸುಧಾ ಮೂರ್ತಿಯವರು ತರಗತಿಯಲ್ಲಿ ಒಬ್ಬರೇ ಹುಡುಗಿಯಾಗಿದ್ದರು. ಅಲ್ಲಿ ಆಗ ಸ್ತ್ರೀಯರಿಗೆ ಶೌಚಾಲಯವೂ ಇರಲಿಲ್ಲವೆಂದು ಅವರೇ ಹೇಳಿರುವರು. ಇಂಥ ಸಣ್ಣ ಸಂಗತಿಯು ಎಷ್ಟು ಹುಡುಗಿಯರನ್ನು ಹಿಂದಿರುಗಿಸಿತೋ ಲೆಕ್ಕವಿಟ್ಟವರಿಲ್ಲ.

ಈ ಎಲ್ಲ ಜೀವನಗಳಲ್ಲಿ ನಾವು ಕಾಣುವುದು ಏನೆಂದರೆ, ಧೈರ್ಯವು ಹುಡುಗಿಯದಾಗಿತ್ತು; ಆದರೆ ದಾರಿಯನ್ನು ತೋರಿಸಿದವರು ಮನೆಯಲ್ಲಿಯೋ ಶಾಲೆಯಲ್ಲಿಯೋ ಒಬ್ಬರಿದ್ದರು. ಅಧ್ಯಾಪಕ ತಂದೆಯಾಗಲಿ ಪದವೀಧರೆ ಅಜ್ಜಿಯಾಗಲಿ ಎಲ್ಲರಿಗೂ ದೊರೆಯುವುದಿಲ್ಲ. ದೊರೆಯದವರಿಗೆ ಆ ಸ್ಥಾನದಲ್ಲಿ ನಿಲ್ಲುವುದಕ್ಕೇ ಕನ್ಯಾಶಾಲೆಗಳು ಹುಟ್ಟಿದವು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಬಳಿಕ ಅಕ್ಷರದೊಂದಿಗೆ ಕೈಕಸಬಿಗೂ ಗೌರವವನ್ನು ಕೊಟ್ಟು, 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಅಲ್ಲಿಂದ ಕರಾವಳಿಗೆಲ್ಲ ಹಬ್ಬಿದ ಹಂಚು ಇಂದಿಗೂ ನಮ್ಮ ಅನೇಕರ ಮನೆಗಳ ಮೇಲಿದೆ. ಪುಸ್ತಕವೂ ಯಂತ್ರವೂ ಒಂದೇ ಅಂಗಳದಲ್ಲಿ ಇರಬಹುದೆಂಬುದು ಮಿಶನ್ ಶಾಲೆಗಳಿಗೆ ಹೊಸ ಪಾಠವಲ್ಲ.

ಬಾಗಿಲನ್ನು ಅಗಲ ಮಾಡಿದರೆ ಬರುವವರು ಹೆಚ್ಚುವರೆಂಬುದಕ್ಕೆ ಇತ್ತೀಚಿನ ದೃಷ್ಟಾಂತವೂ ಇದೆ. ಐ.ಐ.ಟಿ.ಗಳು 2018ರಲ್ಲಿ ಹುಡುಗಿಯರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಇಟ್ಟು, ಅವರ ಸಂಖ್ಯೆಯು ಮೊದಲು ನೂರಕ್ಕೆ 14, ಬಳಿಕ 2020ರ ಹೊತ್ತಿಗೆ ನೂರಕ್ಕೆ 20 ಆಗುವಂತೆ ಏರ್ಪಡಿಸಿದವು. ಆ ಸ್ಥಾನಗಳಿಗೆ ಹುಡುಗಿಯರು ಬಂದರು. ಎರಡು ವರ್ಷಗಳಲ್ಲಿ ಹುಡುಗಿಯರ ಸ್ವಭಾವವು ಬದಲಾಯಿತೆಂದು ಯಾರೂ ಹೇಳಲಾರರು, ಬದಲಾದದ್ದು ಬಾಗಿಲು.

ಆದರೆ ತಾಂತ್ರಿಕ ವಿಷಯವನ್ನು ಆರಿಸಿಕೊಂಡವರೆಲ್ಲರೂ ಸರಿಯಾಗಿ ಆರಿಸಿಕೊಂಡರೆಂದು ನಾವು ಹೇಳುವುದಿಲ್ಲ. ಸಂಬಳದ ಆಸೆಯಿಂದ, ನೆರೆಮನೆಯವರನ್ನು ನೋಡಿ, ಅಂಕಗಳು ಬಂದುವೆಂಬ ಒಂದೇ ಕಾರಣದಿಂದ ಮಕ್ಕಳನ್ನು ಅತ್ತ ದೂಡುವ ಪಾಲಕರೂ ಉಂಟು. ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯಮವು ಬೆಳೆದ ಮೇಲೆ ಬಹು ಜನರ ದೃಷ್ಟಿಯು ಅದೊಂದರ ಮೇಲೆಯೇ ನಿಂತಿತು. ಕಟ್ಟಡ, ಯಂತ್ರ, ನೀರಾವರಿ ಮೊದಲಾದ ವಿದ್ಯೆಗಳು ಹಿಂದೆ ಬಿದ್ದವು. ಹುಡುಗಿಯರ ಪಾಲಕರಿಗಂತೂ ನೆರಳಿನಲ್ಲಿ ಕುಳಿತು ಮಾಡುವ ಕೆಲಸವೇ ಕ್ಷೇಮವೆಂದು ತೋರುವುದು. ಮನಸ್ಸಿಲ್ಲದೆ ಸೇರಿದವಳು ನಾಲ್ಕು ವರ್ಷ ಬಳಲುವಳು. ಮನಸ್ಸಿದ್ದೂ ಸೇರದವಳು ಬಾಳೆಲ್ಲ ಮರುಗುವಳು. ಇಬ್ಬರದೂ ಒಂದೇ ಕೊರತೆ: ಆ ವಿದ್ಯೆಯು ಏನೆಂಬುದನ್ನು ಆರಿಸುವ ಮೊದಲು ಅವರಿಗೆ ಯಾರೂ ತೋರಿಸಲಿಲ್ಲ. ಸಾಹಿತ್ಯ, ಚರಿತ್ರೆ, ಸಂಗೀತ, ಶುಶ್ರೂಷೆಗಳಲ್ಲಿ ನಿಜವಾದ ಒಲವುಳ್ಳವಳು ಅವುಗಳನ್ನೇ ಓದಲಿ. ಅದರಿಂದ ನಮಗೆ ಸಂತೋಷವೇ. ನೋಡಿ ಬಿಡುವುದು ಬೇರೆ, ನೋಡದೆ ಬಿಡುವುದು ಬೇರೆ ಎಂಬುದಷ್ಟೇ ನಮ್ಮ ಅಭಿಪ್ರಾಯವು.

ಇದರಲ್ಲಿ ನಮ್ಮ ಊರುಗಳಿಗೆ ಏನು ಲಾಭನಷ್ಟವೆಂದು ಕೇಳಬಹುದು. ಹೊನ್ನಾವರದ ಬಳಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯನ್ನು ಕಟ್ಟಿದ ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆಯಿತು. ಅದೇ ನದಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು, ಗೇರುಸೊಪ್ಪೆಯಲ್ಲಿ ವಿದ್ಯುದಾಗಾರ, ಕಾಳಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ, ಕರಾವಳಿಯುದ್ದಕ್ಕೂ ಅಗಲವಾದ ಹೆದ್ದಾರಿ ಇವೆಲ್ಲ ನಮ್ಮ ಜಿಲ್ಲೆಯ ನೆಲದಲ್ಲಿ ಮತ್ತು ನೆರೆಯಲ್ಲಿ ಆದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವು ಕುಸಿದು ಅನೇಕರು ಪ್ರಾಣವನ್ನು ಕಳಕೊಂಡರು. ಗುಡ್ಡದ ಮಗ್ಗುಲನ್ನು ಎಷ್ಟು ಕಡಿಯಬಹುದು, ಮಳೆಯ ನೀರಿಗೆ ದಾರಿ ಎಲ್ಲಿ, ಒಡ್ಡನ್ನು ಎಷ್ಟು ಎತ್ತರಿಸಬೇಕು ಎಂಬ ಪ್ರಶ್ನೆಗಳು ತಾಂತ್ರಿಕ ಪ್ರಶ್ನೆಗಳೇ. ಅವುಗಳ ಉತ್ತರವನ್ನು ಅನುಭವಿಸುವವರು ಮಾತ್ರ ನಾವು. ಅದೇ 2024ರಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸಾರ್ ಒಪ್ಪಂದದ ಮೇರೆಗೆ ಜಾಗತಿಕ ಮಹತ್ವದ ಜೌಗುಪ್ರದೇಶವೆಂದು ಗಣನೆಗೆ ಬಂದಿತು. ಅದನ್ನು ಅಳೆಯುವವರೂ ಕಾಯುವವರೂ ಬೇಕು. ಆ ನೀರಿನ ನಡತೆಯನ್ನು ತಾಯಿಯಿಂದ ಕಲಿತ ಕಾಗಾಲದ ಹುಡುಗಿಯು ಅದರ ಮೇಲೆ ಜಲವಿಜ್ಞಾನವನ್ನೋ ಸಿವಿಲ್ ಎಂಜಿನಿಯರಿಂಗನ್ನೋ ಕಲಿತು ಬಂದರೆ, ದೂರದಿಂದ ನಕ್ಷೆ ಹಿಡಿದು ಬಂದವನಿಗೆ ಕಾಣದ್ದು ಅವಳಿಗೆ ಕಾಣುವುದು.

ಆದುದರಿಂದ ಪಾಲಕರಲ್ಲಿ ಕೆಲವು ವಿಜ್ಞಾಪನೆಗಳನ್ನು ಮಾಡುವೆವು. ಎಂಟನೆಯ ತರಗತಿಯಿಂದಲೇ ಮಗಳ ಗಣಿತದ ಕಡೆಗೆ ಲಕ್ಷ್ಯವಿಡಿರಿ. ಅವಳಿಗೆ ಗಣಿತ ಬಾರದೆಂದು ಅವಳ ಎದುರಿನಲ್ಲಿ ಎಂದಿಗೂ ಆಡದಿರಿ. ಪದವಿಪೂರ್ವದ ಅರ್ಜಿಯನ್ನು ತುಂಬುವ ಮೊದಲು, ಯಾವ ವಿಷಯವನ್ನು ಬಿಟ್ಟರೆ ಯಾವ ದಾರಿಯು ಮುಚ್ಚುವುದೆಂದು ಶಾಲೆಗೆ ಬಂದು ವಿಚಾರಿಸಿರಿ. ಪದವಿಪೂರ್ವದ ದಾರಿಯು ಕಠಿನವೆಂದು ತೋರಿದರೆ, ಹತ್ತನೆಯ ತರಗತಿಯ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷಗಳ ಡಿಪ್ಲೊಮಾವನ್ನು ಮುಗಿಸಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇರುವುದೆಂದು ತಿಳಿಯಿರಿ. ರಾಜ್ಯದ ಪ್ರವೇಶಕ್ರಮದಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ನೂರಕ್ಕೆ 15, ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿದವರಿಗೆ ನೂರಕ್ಕೆ 5 ಸ್ಥಾನಗಳ ಮೀಸಲಾತಿಯುಂಟು. ಇವುಗಳ ಪ್ರಮಾಣಪತ್ರಗಳನ್ನು ವೇಳೆಗೆ ಮೊದಲೇ ಮಾಡಿಸಿಡಿರಿ. ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ವಿದ್ಯಾರ್ಥಿವೇತನವು, ವಾರ್ಷಿಕ ಆದಾಯವು 8 ಲಕ್ಷ ರೂಪಾಯಿಗಳನ್ನು ಮೀರದ ಕುಟುಂಬದ ಹುಡುಗಿಯರಿಗಾಗಿ, ವರ್ಷಕ್ಕೆ 50,000 ರೂಪಾಯಿಗಳಂತೆ ಏರ್ಪಟ್ಟಿದೆ. ಒಂದು ಕುಟುಂಬದಿಂದ ಇಬ್ಬರ ವರೆಗೆ ಅರ್ಜಿ ಹಾಕಬಹುದು. ಖರ್ಚಿನ ಅಂಜಿಕೆಯಿಂದ ಇಲ್ಲವೆನ್ನುವ ಮೊದಲು ಇವನ್ನೆಲ್ಲ ಲೆಕ್ಕಕ್ಕೆ ತರಬೇಕು. ಎಲ್ಲಕ್ಕೂ ಮೇಲಾಗಿ, ಮಗಳು ತನಗೆ ಮನಸ್ಸಿಲ್ಲವೆಂದಾಗ ಯಾಕೆಂದು ಒಂದು ಸಲ ಮೆಲ್ಲನೆ ಕೇಳಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಾವು ಬೇಡುವುದು ಹಣವನ್ನಲ್ಲ. ನಿಮ್ಮಲ್ಲಿ ಯಾರು ಪ್ರಯೋಗಶಾಲೆಯಲ್ಲಿಯೋ ಕಾರ್ಖಾನೆಯಲ್ಲಿಯೋ ವಿದ್ಯುತ್ ಇಲಾಖೆಯಲ್ಲಿಯೋ ಗಣಕಯಂತ್ರದ ಕಚೇರಿಯಲ್ಲಿಯೋ ದುಡಿಯುವಿರೋ, ಅವರು ರಜೆಗೆ ಊರಿಗೆ ಬಂದಾಗ ಒಂದು ಅಪರಾಹ್ನವನ್ನು ಶಾಲೆಗೆ ಕೊಡಿರಿ. ಭಾಷಣ ಬೇಡ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುವಿರಿ, ಕೆಲಸದಲ್ಲಿ ಏನನ್ನು ಮಾಡುವಿರಿ, ಕಲಿಯುವಾಗ ಏನು ಕಷ್ಟವಾಯಿತು, ಇಂಗ್ಲಿಷನ್ನು ಹೇಗೆ ದಾಟಿದಿರಿ ಎಂಬುದನ್ನು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಅವರ ಮಾತಿನಲ್ಲಿಯೇ ತಿಳಿಸಿರಿ. ಬರುವುದು ಸಾಧ್ಯವಾಗದವರು ಒಂದು ಪತ್ರವನ್ನಾದರೂ ಬರೆಯಿರಿ. ಅವರು ನಿಮ್ಮನ್ನು ಕಂಡರೆ ಸಾಕು. ಅರ್ಧ ಬಾಗಿಲು ತೆರೆಯುವುದು.

ತಲಾಂತುಗಳ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಓದಿದ ಪ್ರತಿಯೊಬ್ಬಳೂ ಬಲ್ಲಳು. ತನಗೆ ಒಪ್ಪಿಸಿದ್ದನ್ನು ಭಯದಿಂದ ನೆಲದಲ್ಲಿ ಹೂಳಿಟ್ಟವನಿಗೆ ಒಡೆಯನು ಒಪ್ಪುವಂಥ ಉತ್ತರವಿರಲಿಲ್ಲ. ಆ ಸಾಮ್ಯದಲ್ಲಿ ಹೂಳಿಟ್ಟವನು ಆಳೇ. ನಮ್ಮ ಹುಡುಗಿಯರ ವಿಷಯದಲ್ಲಿಯಾದರೋ ಅನೇಕ ವೇಳೆ ಹೂಳಿಡುವ ಕೈಗಳು ಅವರವಲ್ಲ, ನಮ್ಮವು. ದೇವರು ಕೊಟ್ಟ ವರವು ಯಾವುದೇ ಇರಲಿ, ಅದನ್ನು ಬೆಳಕಿಗೆ ತಂದು ನೋಡುವ ಅವಕಾಶವು ಕಾಗಾಲದಿಂದ ಭಟ್ಕಳದ ವರೆಗಿನ ನಮ್ಮ ಊರುಗಳ ಪ್ರತಿಯೊಬ್ಬ ಹುಡುಗಿಗೂ ದೊರೆಯಲಿ ಎಂಬುದೇ ನಮ್ಮ ಹಾರೈಕೆಯೂ ಪ್ರಾರ್ಥನೆಯೂ ಆಗಿರುತ್ತದೆ.